ಕಲಬುರಗಿಯಲ್ಲಿ ಸಮುದ್ರ ಇಲ್ಲ, ಗೊತ್ತು ಸರ್: ಪ್ರಾಂಶುಪಾಲರಿಗೆ ಒಂದು ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ ಮತ್ತು ಎನ್‌ಎಸ್‌ಎಸ್ ನೋಡಿಕೊಳ್ಳುವ ಅಧ್ಯಾಪಕರಿಗೆ,

ನಮಸ್ಕಾರ.

ಕಲಬುರಗಿಯಲ್ಲಿ ಸಮುದ್ರ ಇಲ್ಲ. ನನಗೆ ಗೊತ್ತು. ಇಲ್ಲೇ ಹುಟ್ಟಿದವಳು ನಾನು. ಮೊದಲ ಸಲ ಸಮುದ್ರ ನೋಡಿದ್ದು ಇಪ್ಪತ್ಮೂರನೇ ವಯಸ್ಸಿನಲ್ಲಿ, ಅಕ್ಕನನ್ನು ಕಾರವಾರಕ್ಕೆ ಕೊಟ್ಟ ಮೇಲೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡು ಹೋಗಿ. ಹಾಗಾಗಿ ದಯವಿಟ್ಟು ಯಾರೂ ನನಗೆ ಭೂಗೋಳ ಹೇಳಿಕೊಡಬೇಡಿ. ಹೋದ ವರ್ಷದಿಂದ ಈ ಪಾಠ ಕಡಿಮೆ ಅಂದರೂ ಹತ್ತು ಸಲ ಆಗಿದೆ.

ವಿಷಯ ಇಷ್ಟೆ. ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೇನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ: ಪಾಠ ಮಾಡುವಾಗ ಮನೆಯವರು, ಸಂಬಳದ ದಿನ ಅತಿಥಿಗಳು. ಹೋದ ವರ್ಷ ನನ್ನ ಐದು ಜನ ವಿದ್ಯಾರ್ಥಿಗಳು ಡಾಲ್ಫಿನ್‌ಗಳ ಸದ್ದಿನ ಮೇಲೆ ಕೆಲಸ ಮಾಡುವ ಒಂದು ಸಂಶೋಧನಾ ತಂಡಕ್ಕೆ ಸ್ವಯಂಸೇವಕರಾಗಿ ಸೇರಿಕೊಂಡರು. ಎಲ್ಲಿಗೂ ಹೋಗಲಿಲ್ಲ, ಇಲ್ಲೇ ಕೂತು ಮಾಡಿದರು. ನೀರಿನೊಳಗೆ ಮೈಕ್ ಇಳಿಬಿಟ್ಟು ಹಿಡಿದ ಸದ್ದನ್ನು ಸಣ್ಣ ಸಣ್ಣ ತುಣುಕು ಮಾಡಿ ಆ ತಂಡದವರು ನೆಟ್ಟಿನಲ್ಲಿ ಕಳಿಸುತ್ತಾರೆ. ಇವರು ಅದನ್ನು ಕೇಳಿ, ಪರದೆಯ ಮೇಲೆ ಅದರ ಚಿತ್ರ ನೋಡಿ, ಇಲ್ಲಿ ಸಿಳ್ಳೆ ಇದೆ, ಇಲ್ಲಿ ಕ್ಲಿಕ್ಕು, ಇಲ್ಲಿ ದೋಣಿಯ ಎಂಜಿನ್ನು, ಇಲ್ಲಿ ಏನೂ ಇಲ್ಲ ಅಂತ ಗುರುತು ಹಾಕಿ ವಾಪಸ್ ಕಳಿಸಬೇಕು. ದುಡ್ಡು ಇಲ್ಲ. ಕೊನೆಗೆ ಎಷ್ಟು ಗಂಟೆ ಕೆಲಸ ಆಯಿತು ಅಂತ ಬರೆದು ಒಂದು ಪ್ರಮಾಣಪತ್ರ ಕೊಡುತ್ತಾರೆ, ಅಷ್ಟೆ.

ಐದು ತಿಂಗಳು ಮಾಡಿದರು. ಈ ಗಂಟೆಗಳನ್ನು ಎನ್‌ಎಸ್‌ಎಸ್ ಲೆಕ್ಕಕ್ಕಾದರೂ ಹಿಡಿಯಿರಿ, ಪ್ರಾಜೆಕ್ಟ್ ಲೆಕ್ಕಕ್ಕಾದರೂ ಹಿಡಿಯಿರಿ ಅಂತ ಅರ್ಜಿ ತೆಗೆದುಕೊಂಡು ಹೋದೆ. ಯಾವ ಕಾಲೇಜು ಅಂತ ಹೇಳುವುದಿಲ್ಲ, ಹೇಳಿ ಉಪಯೋಗವೂ ಇಲ್ಲ. ಕುರ್ಚಿಯಲ್ಲಿದ್ದವರು ಅರ್ಜಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಏನ್ರೀ ಮೇಡಂ, ಭೀಮಾದಾಗ ಡಾಲ್ಫಿನ್ ಬಂದಾವೇನ್ರಿ?" ಅಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ, ಮುಂದಿನ ಸೆಮಿಸ್ಟರಿನ ವರ್ಕ್‌ಲೋಡ್ ಅವರ ಕೈಯಲ್ಲೇ ಇತ್ತಲ್ಲ. ಅರ್ಜಿ ಹಾಗೇ ವಾಪಸ್ ಬಂತು. ಮೇಲೆ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಎರಡೇ ಮಾತು: "ಸ್ಥಳೀಯ ವಿಷಯ."

ಅಂದರೆ, ಡಾಲ್ಫಿನ್ ಬಿಟ್ಟು ಈ ಊರಿನ ವಿಷಯ ತೆಗೆದುಕೊಳ್ಳಿ ಅಂತ. ಆ ಪೆನ್ಸಿಲಿನ ಎರಡು ಮಾತಿಗೆ ಈ ಪತ್ರ ಉತ್ತರ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಈ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಡಾಲ್ಫಿನ್ ಅಂದ ಕೂಡಲೇ ಎಲ್ಲರ ತಲೆಯಲ್ಲಿ ನೀಲಿ ನೀರು, ಜಿಗಿತ, ಚೆಂಡು, ಚಪ್ಪಾಳೆ ಬರುತ್ತವೆ. ನಮ್ಮದು ಹಾಗಿರಲಿಲ್ಲ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಕೇಳಿದೆ, ಸಿಗಲಿಲ್ಲ. ಹಾಗಾಗಿ ನಮ್ಮ ಮನೆಯ ಪಡಸಾಲೆ. ಶುರು ಆಗಿದ್ದು ಏಪ್ರಿಲ್‌ನಲ್ಲಿ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಎಂಥದ್ದು ಅಂತ ಗೊತ್ತಲ್ಲ, ಬಾಗಿಲ ಚಿಲಕ ಮುಟ್ಟಿದರೆ ಸುಡುತ್ತದೆ. ಕೂಲರ್ ಹಾಕಿದರೆ ಅದರ ಗುಂಯ್ ಅನ್ನುವ ಸದ್ದಿನಲ್ಲಿ ಸಿಳ್ಳೆ ಕೇಳುವುದಿಲ್ಲ, ಆರಿಸಿದರೆ ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಇಪ್ಪತ್ತು ನಿಮಿಷ ಕೂಲರ್ ಬಂದ್, ಕೇಳುವುದು, ಹತ್ತು ನಿಮಿಷ ಕೂಲರ್ ಚಾಲೂ, ಮಜ್ಜಿಗೆ. ಎರಡು ಲ್ಯಾಪ್‌ಟಾಪ್, ಎರಡೇ ಹೆಡ್‌ಫೋನ್. ಒಂದು ಹೆಡ್‌ಫೋನಿಗೆ ಇಬ್ಬರು, ಒಬ್ಬರಿಗೆ ಬಲಗಿವಿ, ಇನ್ನೊಬ್ಬರಿಗೆ ಎಡಗಿವಿ.

ಮೊದಲ ತುಣುಕು ಹಾಕಿದಾಗ ಯಾರಿಗೂ ಏನೂ ಕೇಳಲಿಲ್ಲ. ಚಟಪಟ ಚಟಪಟ ಅಂತ ಒಂದೇ ಸಮನೆ ಸಿಡಿಯುವ ಸದ್ದು. ಫೈಲ್ ಕೆಟ್ಟಿದೆ ಅಂದುಕೊಂಡೆ ನಾನು. ಆಳಂದ ತಾಲ್ಲೂಕಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಕೇಳಿ, "ಮೇಡಂ, ಪಂಚಮಿಗೆ ಜೋಳದ ಅರಳು ಹುರದಂಗ ಐತ್ರಿ" ಅಂದಳು. ಸರಿಯಾಗಿ ಹಾಗೇ ಇತ್ತು. ಅದು ಒಂದು ಜಾತಿಯ ಸಣ್ಣ ಸೀಗಡಿಯ ಸದ್ದು. ಇಕ್ಕಳದಂಥ ಮುಂಗಾಲನ್ನು ಪಟ್ಟಂತ ಮುಚ್ಚಿದಾಗ ನೀರಿನಲ್ಲಿ ಒಂದು ಗುಳ್ಳೆ ಹುಟ್ಟಿ ಒಡೆಯುತ್ತದೆ, ಸಾವಿರಾರು ಸೀಗಡಿ ಒಟ್ಟಿಗೆ ಮಾಡಿದರೆ ಬಾಣಲೆಯಲ್ಲಿ ಅರಳು ಸಿಡಿದ ಹಾಗೆ. ಬೆಚ್ಚಗಿನ, ಆಳವಿಲ್ಲದ ಸಮುದ್ರದಲ್ಲಿ ಎಲ್ಲಿ ಮೈಕ್ ಬಿಟ್ಟರೂ ಇದು ಇದ್ದದ್ದೇ. ಡಾಲ್ಫಿನ್‌ನ ಸಿಳ್ಳೆಯನ್ನು ಈ ಅರಳಿನ ನಡುವೆ ಹುಡುಕಬೇಕು.

ಕಿವಿಗೆ ಸಿಗದಿದ್ದರೆ ಕಣ್ಣಿಗೆ ಸಿಗುತ್ತದೆ. ಸ್ಪೆಕ್ಟ್ರೋಗ್ರಾಮ್ ಅಂತ ಸದ್ದಿನ ಚಿತ್ರ ಬರುತ್ತದೆ ಪರದೆ ಮೇಲೆ. ಎಡದಿಂದ ಬಲಕ್ಕೆ ಹೊತ್ತು, ಕೆಳಗಿಂದ ಮೇಲಕ್ಕೆ ದನಿಯ ಏರು. ಕ್ಲಿಕ್ಕುಗಳು ಬಾಚಣಿಗೆ ಹಲ್ಲಿನ ಹಾಗೆ ನೆಟ್ಟಗೆ ನಿಲ್ಲುತ್ತವೆ. ದೋಣಿಯ ಎಂಜಿನ್ನು ತಳದಲ್ಲಿ ಸಾರಣೆ ಬಳಿದ ಹಾಗೆ ಕಾಣುತ್ತದೆ. ಸಿಳ್ಳೆ ಮಾತ್ರ ಒಂದು ಗೆರೆ, ಏರಿ ಇಳಿದು ಬಳುಕಿ ಹೋಗುವ ತೆಳ್ಳನೆ ಗೆರೆ. ನಮ್ಮ ಮಕ್ಕಳು ಆ ಗೆರೆಗಳಿಗೆ ತಾವೇ ಹೆಸರಿಟ್ಟರು. ಒಂದು ಕುಡುಗೋಲು. ಒಂದು ಜೋಡುಗುಡ್ಡ. ಇನ್ನೊಂದಕ್ಕೆ ಬಾಲಂಗೋಚಿ, ಗಾಳಿಪಟದ ಬಾಲದ ಹಾಗೆ ಕೊನೆಯಲ್ಲಿ ಅಲುಗುತ್ತಿತ್ತು ಅಂತ. ತಂಡದವರ ಫಾರ್ಮಿನಲ್ಲಿ ಬರೀ ನಂಬರು ಹಾಕಬೇಕಿತ್ತು, ಆದರೆ ನಮ್ಮ ನೋಟ್‌ಬುಕ್ಕಿನಲ್ಲಿ ಕುಡುಗೋಲೇ.

ಹೆಚ್ಚಿನ ದಿನ ಬೇಜಾರು, ಸುಳ್ಳು ಯಾಕೆ ಹೇಳಲಿ. ಐವತ್ತು ತುಣುಕು ಕೇಳಿದರೆ ನಲವತ್ತರಲ್ಲಿ ಏನೂ ಇರುವುದಿಲ್ಲ. "ಏನೂ ಇಲ್ಲ" ಅಂತ ಸರಿಯಾಗಿ ಗುರುತು ಹಾಕುವುದೂ ಕೆಲಸವೇ ಅನ್ನುವುದನ್ನು ಮಕ್ಕಳಿಗೆ ಒಪ್ಪಿಸಲು ನನಗೆ ಒಂದು ತಿಂಗಳು ಬೇಕಾಯಿತು. ಒಬ್ಬ ಹುಡುಗ ಎರಡನೇ ವಾರದಲ್ಲಿ ಪ್ರತಿ ತುಣುಕಿನಲ್ಲೂ ಸಿಳ್ಳೆ ಕಾಣುತ್ತಿದ್ದ. ಪಾಪ, ಆಸೆ. ಒಂದೇ ತುಣುಕನ್ನು ಬೇರೆ ಬೇರೆ ಜನರಿಗೂ ಕಳಿಸಿರುತ್ತಾರೆ, ಹೋಲಿಸಿ ನೋಡುತ್ತಾರೆ, ಹಾಗಾಗಿ ಅವನ ಸಿಳ್ಳೆಗಳೆಲ್ಲ ಬಿದ್ದುಹೋದವು. ಆಮೇಲೆ ಅವನೇ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಜಿಪುಣ ಆದ. ಮೂರು ಸಲ ಕೇಳದೆ "ಹೌದು" ಅನ್ನುತ್ತಿರಲಿಲ್ಲ. ಈ ಒಂದು ಬದಲಾವಣೆಗೆ ನಮ್ಮ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಷ್ಟು ಅಂಕ ಇದೆ ಹೇಳಿ? ಇಲ್ಲ ಅಲ್ವಾ. ರೆಕಾರ್ಡ್ ಬುಕ್ಕಿನ ಬೈಂಡಿಂಗಿಗೆ ಇದೆ.

ಈಗ ಸಿಳ್ಳೆಯ ವಿಷಯ. 1965ರಲ್ಲಿ ಅಮೆರಿಕದ ಮೆಲ್ಬಾ ಮತ್ತು ಡೇವಿಡ್ ಕಾಲ್ಡ್‌ವೆಲ್ ದಂಪತಿ ಒಂದು ಮಾತು ಹೇಳಿದರು: ಬಾಟಲ್‌ನೋಸ್ ಅನ್ನುವ ಜಾತಿಯ ಡಾಲ್ಫಿನ್‌ಗಳಲ್ಲಿ ಒಂದೊಂದಕ್ಕೂ ಅದರದೇ ಒಂದು ಸಿಳ್ಳೆ ಇದೆ. ಇದಕ್ಕೆ ಸಿಗ್ನೇಚರ್ ವಿಸಲ್ ಅನ್ನುತ್ತಾರೆ, ನಾವು ಸಹಿ ಸಿಳ್ಳೆ ಅಂದುಕೊಂಡೆವು. ಮರಿ ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಸುತ್ತಮುತ್ತ ಕೇಳಿದ್ದರಿಂದ ತನ್ನದೇ ಒಂದು ರಾಗ ಕಟ್ಟಿಕೊಳ್ಳುತ್ತದೆ, ಆಮೇಲೆ ಹೆಚ್ಚುಕಡಿಮೆ ಜೀವನಪೂರ್ತಿ ಅದೇ. 2013ರಲ್ಲಿ ಸ್ಟೆಫನಿ ಕಿಂಗ್ ಮತ್ತು ವಿನ್ಸೆಂಟ್ ಜಾನಿಕ್ ಸ್ಕಾಟ್ಲೆಂಡಿನ ಸಮುದ್ರದಲ್ಲಿ ಡಾಲ್ಫಿನ್‌ಗಳಿಗೆ ಅವುಗಳ ಸಿಳ್ಳೆಯ ನಕಲನ್ನೇ ಕೇಳಿಸಿದರು. ತನ್ನ ಸಿಳ್ಳೆ ಕೇಳಿದ ಡಾಲ್ಫಿನ್ ಉತ್ತರ ಕೊಟ್ಟಿತು. ಬೇರೆಯದರ ಸಿಳ್ಳೆ ಹಾಕಿದರೆ ಹಾಗೆ ಉತ್ತರಿಸಲಿಲ್ಲ. ಹೆಸರು ಹಿಡಿದು ಕರೆದರೆ "ಓ" ಅಂದ ಹಾಗೆ.

ಇದನ್ನು ನಾನು ಬೋರ್ಡಿನ ಮೇಲೆ ಬಾಣ ಹಾಕಿ ವಿವರಿಸುತ್ತಿದ್ದೆ. ಶಹಾಪುರ ಕಡೆಯ ಹುಡುಗನೊಬ್ಬ, ಅವರ ಮನೆಯಲ್ಲಿ ಕುರಿ ಇವೆ, ಮಾತು ಕಡಿಮೆ, ಅವತ್ತು ಎದ್ದು ನಿಂತ. ಸಂಜೆ ಕುರಿ ಹಿಂಡು ವಾಪಸ್ ಬರುವಾಗ ಹಟ್ಟಿಯಲ್ಲಿ ಕಟ್ಟಿದ ಮರಿಗಳನ್ನು ಬಿಡುತ್ತಾರಂತೆ. ನೂರು ತಾಯಿ, ಎಪ್ಪತ್ತು ಎಂಬತ್ತು ಮರಿ, ಎಲ್ಲ ಒಟ್ಟಿಗೆ ಒದರುತ್ತವೆ. ನಮಗೆ ಎಲ್ಲ ಒಂದೇ ಬ್ಯಾ ಬ್ಯಾ. ಆದರೆ ಮೂರು ನಿಮಿಷದಲ್ಲಿ ಪ್ರತಿ ಮರಿಯೂ ತನ್ನ ತಾಯಿಯ ಕೆಚ್ಚಲಲ್ಲಿ. "ನಮ್ಮಪ್ಪಗ ಯಾವ ಮರಿ ಯಾವುದರದ್ದು ಅಂತ ದನಿ ಕೇಳೇ ಗೊತ್ತಾಗ್ತದ್ರಿ, ಕತ್ತಲದಾಗ" ಅಂದ. ಮತ್ತೆ ಕೂತ. ನನ್ನ ಬಾಣಗಳನ್ನೆಲ್ಲ ಒರೆಸಿ ಹಾಕಿದೆ. ಸಹಿ ಸಿಳ್ಳೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ನೋಡಿಲ್ಲ. ಒಂದೇ ವ್ಯತ್ಯಾಸ, ಅದನ್ನೂ ಅವನಿಗೆ ಹೇಳಿದೆ: ಕುರಿಯನ್ನು ಗುರುತಿಸುವುದು ಅದರ ಗಂಟಲಿನ ದನಿಯಿಂದ, ನಮ್ಮ ದನಿ ಫೋನಿನಲ್ಲಿ ಗುರುತು ಸಿಗುವ ಹಾಗೆ. ಡಾಲ್ಫಿನ್‌ನದು ದನಿಯಲ್ಲ, ರಾಗದ ಆಕಾರ. ಕಂಪ್ಯೂಟರಿನಲ್ಲಿ ದನಿಯ ಗುಣವನ್ನೆಲ್ಲ ಅಳಿಸಿ ಬರೀ ಗೆರೆ ಉಳಿಸಿ ಕೇಳಿಸಿದರೂ ಗುರುತು ಹಿಡಿಯುತ್ತವೆ. ಅದಕ್ಕೇ ಕುಡುಗೋಲು, ಜೋಡುಗುಡ್ಡ ಅಂತ ಆಕಾರ ನೋಡುವುದು.

ಇನ್ನೊಂದು ಗುಟ್ಟು ಹೇಳುತ್ತೇನೆ, ನಿಮ್ಮ ಕಾಲೇಜಿನವರೂ ಶುರು ಮಾಡಿದರೆ ಉಪಯೋಗಕ್ಕೆ ಬರುತ್ತದೆ. ಡಾಲ್ಫಿನ್ ಸಿಳ್ಳೆ ಹಾಕುವಾಗ ಬಾಯಿ ತೆರೆಯುವುದಿಲ್ಲ. ಸದ್ದು ಹುಟ್ಟುವುದು ತಲೆಯ ಮೇಲಿನ ಉಸಿರಿನ ತೂತಿನ ಕೆಳಗೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಜಾಸ್ತಿ, ಹಾಗಾಗಿ ಎಲ್ಲಿಂದ ಬಂತು ಅಂತ ನಮ್ಮ ಕಿವಿಗೆ ತಿಳಿಯುವುದೇ ಇಲ್ಲ. ಹತ್ತು ಡಾಲ್ಫಿನ್ ಇದ್ದರೆ ಸಿಳ್ಳೆ ಹಾಕಿದ್ದು ಯಾರು? ಇದಕ್ಕೆ ಸಂಶೋಧಕರು ಕಂಡುಕೊಂಡ ಒಂದು ಉಪಾಯ: ಒಂದೇ ಆಕಾರದ ಸಿಳ್ಳೆ ಒಂದರಿಂದ ಹತ್ತು ಸೆಕೆಂಡ್ ಬಿಟ್ಟು ಬಿಟ್ಟು ಮತ್ತೆ ಮತ್ತೆ ಬಂದರೆ ಅದು ಬಹುತೇಕ ಸಹಿ ಸಿಳ್ಳೆಯೇ. ನಾವು ಓಣಿಯಲ್ಲಿ ನಿಂತು "ಮಲ್ಲೂ..." ಅಂತ ಕೂಗಿ, ಸ್ವಲ್ಪ ತಡೆದು, ಮತ್ತೆ "ಮಲ್ಲೂ..." ಅನ್ನುತ್ತೇವಲ್ಲ, ಹಾಗೆ. ಆ ತಡೆಯೇ ಮುಖ್ಯ. ಆಳಂದದ ಹುಡುಗಿ ಜುಲೈ ತಿಂಗಳ ಒಂದು ಸಂಜೆ ಕುಡುಗೋಲನ್ನು ಎರಡು ಬೇರೆ ಬೇರೆ ದಿನದ ತುಣುಕಿನಲ್ಲಿ ಹಿಡಿದಳು. ಅದೇ ಬಾಗು, ಅದೇ ಹಿಡಿಕೆ. "ಮೇಡಂ, ಇಕಿ ಮತ್ತ ಬಂದಾಳ್ರಿ!" ಅಂತ ಕೂಗಿದಳು. ಗಂಡೋ ಹೆಣ್ಣೋ ಯಾರಿಗೆ ಗೊತ್ತು, ಆದರೆ ಅವಳಿಗೆ ಅದು ಇಕಿಯೇ. ಆ ಪುಟದಲ್ಲಿ ಬೆವರಿನ ಕಲೆ ಈಗಲೂ ಇದೆ.

ಅವಳಿಗೆ ಆಮೇಲೆ 2023ರ ಒಂದು ಅಧ್ಯಯನದ ವಿಷಯ ಹೇಳಿದೆ. ಫ್ಲಾರಿಡಾದ ಸಾರಾಸೋಟ ಕೊಲ್ಲಿಯಲ್ಲಿ 1970ರಿಂದ ಒಂದೇ ಡಾಲ್ಫಿನ್ ಸಮುದಾಯವನ್ನು, ಅಜ್ಜಿ ಮೊಮ್ಮಕ್ಕಳ ತನಕ, ನೋಡಿಕೊಂಡು ಬಂದಿದ್ದಾರೆ. ಅಲ್ಲಿನ 19 ತಾಯಂದಿರ ಸಿಳ್ಳೆ ಹೋಲಿಸಿದರೆ, ಮರಿ ಪಕ್ಕದಲ್ಲಿದ್ದಾಗ ತಾಯಿ ತನ್ನದೇ ಸಿಳ್ಳೆಯನ್ನು ಇನ್ನಷ್ಟು ಎತ್ತರದ ದನಿಗೆ ಏರಿಸುತ್ತಾಳೆ. ನಮ್ಮ ಹೆಂಗಸರು ಕೂಸಿನ ಮುಂದೆ ದನಿ ಸಣ್ಣ ಮಾಡಿ "ಯಾಕ ನಮ್ಮವ್ವಾ, ಯಾರ್ ಬೈದ್ರ ನಿನಗ" ಅನ್ನುವುದಿಲ್ಲವೆ, ಹಾಗೆ. ನೆನಪಿನ ವಿಷಯವೂ ಹೇಳಬೇಕು. ಜೇಸನ್ ಬ್ರಕ್ ಅನ್ನುವವರು 2013ರಲ್ಲಿ ತೋರಿಸಿದ್ದು: ಬೇಲಿ ಅನ್ನುವ ಡಾಲ್ಫಿನ್, ಹಿಂದೆ ಜೊತೆಗಿದ್ದ ಆಲಿಯ ಸಿಳ್ಳೆಯನ್ನು ಇಪ್ಪತ್ತು ವರ್ಷ ಆರು ತಿಂಗಳ ಮೇಲೆ ಕೇಳಿದರೂ ಗುರುತು ಹಿಡಿಯಿತು. ನನಗೆ ಡಿಗ್ರಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರ ಹೆಸರೇ ಮರೆತಿದೆ.

ಬುದ್ಧಿಯ ವಿಷಯಕ್ಕೆ ಬಂದರೆ ಬಾಟಲ್‌ನೋಸ್ ಡಾಲ್ಫಿನ್‌ನ ಮೆದುಳು ಸುಮಾರು 1,600 ಗ್ರಾಂ, ನಮ್ಮದು 1,300 ರಿಂದ 1,400. ತೂಕದಿಂದ ಏನೂ ಸಾಬೀತಾಗುವುದಿಲ್ಲ, ಬಿಡಿ. ನನಗೆ ಇಷ್ಟವಾದದ್ದು ಹವಾಯಿಯಲ್ಲಿ ಲೂಯಿಸ್ ಹರ್ಮನ್ ಮಾಡಿದ ಪ್ರಯೋಗ. ಅಕೆಅಕಮೈ ಅನ್ನುವ ಡಾಲ್ಫಿನ್‌ಗೆ ಕೈಸನ್ನೆಯ ಒಂದು ಭಾಷೆ ಕಲಿಸಿದರು. ಬಳೆಯನ್ನು ಚೆಂಡಿನ ಹತ್ತಿರ ಒಯ್ಯಿ ಅನ್ನುವುದಕ್ಕೂ ಚೆಂಡನ್ನು ಬಳೆಯ ಹತ್ತಿರ ಒಯ್ಯಿ ಅನ್ನುವುದಕ್ಕೂ ಸನ್ನೆಗಳು ಅವೇ, ಬರೀ ಹಿಂದುಮುಂದು. ಅದು ತಪ್ಪದೆ ಅಂತಲ್ಲ, ಆದರೆ ಬಹಳಷ್ಟು ಸಲ ಸರಿಯಾಗಿ ಮಾಡುತ್ತಿತ್ತು. ಕನ್ನಡದವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮಗೆ "ಅನ್ನು", "ಇಗೆ" ಅಂತ ವಿಭಕ್ತಿ ಪ್ರತ್ಯಯ ಇದೆ, ಪದ ಎಲ್ಲಿಟ್ಟರೂ ಅರ್ಥ ಕೆಡುವುದಿಲ್ಲ. ಆ ಪ್ರಾಣಿಗೆ ಪ್ರತ್ಯಯ ಇರಲಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲೇ ಎಲ್ಲ ಹಿಡಿಯಬೇಕಿತ್ತು. ನಮ್ಮ ಕನ್ನಡ ಮೇಷ್ಟ್ರಿಗೆ ಹೇಳಿದೆ, ಅವರು ವ್ಯಾಕರಣದ ತರಗತಿಯಲ್ಲಿ ಇದನ್ನೇ ಉದಾಹರಣೆ ಕೊಟ್ಟರಂತೆ. ನೋಡಿ, ಪ್ರಾಣಿಶಾಸ್ತ್ರದಿಂದ ಕನ್ನಡ ವಿಭಾಗಕ್ಕೆ ಒಂದು ಬಾಗಿಲು ತೆರೆಯಿತು, ಅದೂ ಖರ್ಚಿಲ್ಲದೆ.

ಹಾಗಂತ ಡಾಲ್ಫಿನ್ ಭಾಷೆ ಅರ್ಥವಾಗಿಬಿಟ್ಟಿದೆ ಅಂತ ನಾನು ಮಕ್ಕಳಿಗೆ ಹೇಳಿಲ್ಲ. 1965ರಲ್ಲೇ ಜಾನ್ ಲಿಲ್ಲಿ ಅನ್ನುವವರ ಪ್ರಯೋಗಕ್ಕೆ ಒಂದು ಮನೆಯೊಳಗೆ ನೀರು ತುಂಬಿಸಿ, ಮಾರ್ಗರೆಟ್ ಹೋವ್ ಎನ್ನುವ ಹೆಣ್ಣುಮಗಳು ಪೀಟರ್ ಅನ್ನುವ ಡಾಲ್ಫಿನ್ ಜೊತೆ ಹತ್ತು ವಾರ ವಾಸ ಮಾಡಿ ಅದಕ್ಕೆ ಇಂಗ್ಲಿಷ್ ಕಲಿಸಲು ನೋಡಿದರು. ಆಗಲಿಲ್ಲ. ನಮ್ಮ ಮಾತು ಅದಕ್ಕೆ ಬರಲಿ ಅನ್ನುವ ಹಟ. ಈ ಹಟ ನಮಗೆ ಹೊಸದಲ್ಲ ಬಿಡಿ, ಇಲ್ಲಿನ ಹುಡುಗರು ಬೆಂಗಳೂರಿಗೆ ಹೋದರೆ ಅವರ "ಹೋಗ್ತದ" "ಬರ್ತದ" ಕೇಳಿ ನಗುವವರೂ ಇದೇ ಜಾತಿ. ಈಚಿನವರು ಮೊದಲು ಸುಮ್ಮನೆ ಕೇಳುತ್ತಾರೆ, ಅದೇ ನನಗೆ ಮೆಚ್ಚುಗೆ. 2025ರಲ್ಲಿ ಸಾರಾಸೋಟದ ಸಿಳ್ಳೆಗಳ ಮೇಲೆ ಕೆಲಸ ಮಾಡುವ ತಂಡಕ್ಕೆ ಪ್ರಾಣಿಗಳ ಮಾತು ತಿಳಿಯುವ ಕೆಲಸಕ್ಕೆ ಕೊಡುವ, ಒಂದು ಲಕ್ಷ ಡಾಲರಿನ ಕಾಲರ್-ಡೂಲಿಟಲ್ ಬಹುಮಾನ ಬಂತು. ಸಹಿ ಅಲ್ಲದ, ಹಲವು ಡಾಲ್ಫಿನ್‌ಗಳು ಸಮಾನವಾಗಿ ಬಳಸುವ ಸಿಳ್ಳೆಗಳನ್ನು ಅವರು ಗುರುತಿಸುತ್ತಿದ್ದಾರೆ. ಒಂದು ಎಚ್ಚರಿಕೆಯ ಸಿಳ್ಳೆ ಇರಬಹುದು ಅನ್ನುತ್ತಾರೆ. ಇರಬಹುದು. ಇಷ್ಟು ವರ್ಷದ ಮೇಲೂ ಅವರು "ಇರಬಹುದು" ಅನ್ನುತ್ತಾರಲ್ಲ, ಆ ಪದವನ್ನು ನನ್ನ ಮಕ್ಕಳು ಕಲಿಯಲಿ ಅಂತಲೇ ಇಷ್ಟೆಲ್ಲ.

"ಏಐ ಬಂದಿದೆಯಲ್ಲ ಮೇಡಂ, ಮನುಷ್ಯರು ಯಾಕೆ ಕೇಳಬೇಕು?" ಇದು ಸ್ಟಾಫ್ ರೂಮಿನ ಪ್ರಶ್ನೆ. ಗೂಗಲ್‌ನವರು 2025ರ ಏಪ್ರಿಲ್‌ನಲ್ಲಿ ಡಾಲ್ಫಿನ್‌ಜೆಮ್ಮ ಅನ್ನುವ, ಡಾಲ್ಫಿನ್ ಸದ್ದು ಕಲಿತ ಏಐ ಮಾದರಿ ಹೊರತಂದರು, ನಿಜ. ಅದು ಕಲಿತದ್ದು ಯಾವುದರಿಂದ? ಡೆನಿಸ್ ಹರ್ಜಿಂಗ್ ಅವರ ತಂಡ 1985ರಿಂದ ಬಹಾಮಾಸ್‌ನ ಡಾಲ್ಫಿನ್‌ಗಳ ಜೊತೆ ಬೇಸಿಗೆ ಬೇಸಿಗೆ ನೀರಿಗಿಳಿದು, ಯಾರು ಯಾರ ಜೊತೆ ಇದ್ದರು, ಏನು ಮಾಡುತ್ತಿದ್ದರು ಅಂತ ಬರೆದಿಟ್ಟುಕೊಂಡ ದಾಖಲೆಯಿಂದ. ಯಾರೋ ಒಬ್ಬರು ಕೂತು ಗುರುತು ಹಾಕಿದ್ದರಿಂದಲೇ ಯಂತ್ರಕ್ಕೆ ಪಾಠ ಆಯಿತು. ನಮ್ಮಪ್ಪ ನಲವತ್ತು ವರ್ಷ ದಾಲ್ ಮಿಲ್ಲಿನಲ್ಲಿ ಇದ್ದರು. ಕಲ್ಲು ಸರಿಯಾಗಿ ಕೂತಿಲ್ಲ ಅಂದರೆ ಅವರಿಗೆ ಗೇಟಿನ ಹೊರಗೇ ಗೊತ್ತಾಗುತ್ತಿತ್ತು, "ಬ್ಯಾಳಿ ಒಡೀತದ, ನುಚ್ಚಾಗ್ತದ" ಅಂತ ಚಪ್ಪಲಿ ಕೂಡ ಬಿಡದೆ ಒಳಗೆ ಓಡುತ್ತಿದ್ದರು. ಈಗ ಮಿಲ್ಲುಗಳಲ್ಲಿ ಸೆನ್ಸರ್ ಬಂದಿವೆ. ಬರಲಿ. ಆದರೆ ಸರಿಯಾದ ಸದ್ದು ಯಾವುದು ಅಂತ ಆ ಸೆನ್ಸರಿಗೆ ಯಾರಾದರೂ ಮೊದಲು ಹೇಳಲೇಬೇಕಲ್ಲ.

ಈಗ ಹೇಳಿ ಸರ್, ಸ್ಥಳೀಯ ಅಂದರೆ ಯಾವುದು? ಅರಳು ಹುರಿಯುವ ಸದ್ದು ಸ್ಥಳೀಯ. ಕುರಿಹಟ್ಟಿಯ ಸಂಜೆ ಸ್ಥಳೀಯ. ಮಿಲ್ಲಿನ ಕಲ್ಲು ಸ್ಥಳೀಯ. ಇಷ್ಟು ಕೇಳಿ ಬೆಳೆದ ಕಿವಿ ಡಾಲ್ಫಿನ್ ಕೇಳಿಸಿಕೊಂಡರೆ ಅದು ಪರಸ್ಥಳದ್ದು ಹೇಗಾಯಿತು?

ಇಷ್ಟಕ್ಕೂ ಡಾಲ್ಫಿನ್ ನಮ್ಮ ದೇಶದ್ದಲ್ಲ ಅಂದವರು ಯಾರು? ಗಂಗಾ ಡಾಲ್ಫಿನ್ 2009ರಿಂದ ರಾಷ್ಟ್ರೀಯ ಜಲಚರ. ಸಾಮಾನ್ಯ ಜ್ಞಾನದ ಪರೀಕ್ಷೆಗೆ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಆದರೆ ಅದಕ್ಕೆ ಕಣ್ಣು ಬಹುತೇಕ ಕಾಣುವುದಿಲ್ಲ, ಕೆಸರು ನೀರಿನಲ್ಲಿ ಬರೀ ಸದ್ದಿನ ಮೇಲೆ ಬದುಕುತ್ತದೆ, ಬಿಹಾರದವರು ಅದರ ಉಸಿರಿನ ಸದ್ದಿನಿಂದಲೇ ಸೂಂಸ್ ಅನ್ನುತ್ತಾರೆ ಅಂತ ಎಷ್ಟು ಜನಕ್ಕೆ ಗೊತ್ತು? 2025ರಲ್ಲಿ ಹೊರಬಿದ್ದ ಗಣತಿಯಲ್ಲಿ 28 ನದಿಗಳಲ್ಲಿ ಸೇರಿ 6,327 ನದಿ ಡಾಲ್ಫಿನ್ ಸಿಕ್ಕವು. ಅದರಲ್ಲಿ ಸಿಂಧೂ ಡಾಲ್ಫಿನ್ ಬರೀ ಮೂರು. ನೀರಿನ ಮೇಲೆ ಒಂದೆರಡು ಸೆಕೆಂಡ್ ತಲೆ ಹಾಕಿ ಮುಳುಗುವ ಪ್ರಾಣಿಯನ್ನು ಎಣಿಸುವಾಗ ಕಣ್ಣಿನ ಜೊತೆ ನೀರಿನೊಳಗಿನ ಮೈಕನ್ನೂ ಬಳಸಿದರು. ನಮ್ಮದೇ ಕಾರವಾರದ ಕಡಲಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳಿವೆ. ನಾನು ಅಕ್ಕನ ಊರಿನಲ್ಲಿ ನೋಡಿದ್ದು ಅವನ್ನೇ, ಬೂದು ಬೆನ್ನು, ಮೇಲೆ ಬಂದು ಫೂ ಅಂದು ಹೋಯಿತು, ಅಷ್ಟೆ. ಅಷ್ಟಕ್ಕೇ ನಾನು ಈ ವಿಷಯಕ್ಕೆ ಬಿದ್ದೆ.

ಪೋಷಕರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಾಲ್ಫಿನ್ ಸಂಶೋಧನೆಗೆ ಸ್ವಯಂಸೇವಕರು ಬೇಕು, ವಿದೇಶ, ಎರಡು ವಾರ, ಮೂರು ಲಕ್ಷ ಕಟ್ಟಿ ಅಂತ ನನ್ನ ಒಬ್ಬ ವಿದ್ಯಾರ್ಥಿಯ ಸೋದರಮಾವನಿಗೆ ಫೋನ್ ಬಂದಿತ್ತು. ಅವರು ಕಟ್ಟಲು ತಯಾರಾಗಿದ್ದರು. ಕಳಿಸಿದ ಫೋಟೋದಲ್ಲಿ ಹುಡುಗಿಯೊಬ್ಬಳು ಡಾಲ್ಫಿನ್‌ಗೆ ಮುತ್ತು ಕೊಡುತ್ತಿದ್ದಳು. ಅಲ್ಲೇ ತಿಳಿಯಬೇಕು. ಖರ್ಚಿನ ಪಾಲು ಕೇಳುವ ಒಳ್ಳೆಯ ತಂಡಗಳೂ ಇವೆ, ಹಾಗಾಗಿ ದುಡ್ಡು ಕೇಳಿದರು ಅಂದಮಾತ್ರಕ್ಕೆ ಮೋಸ ಅಲ್ಲ. ಆದರೆ ಮುಟ್ಟಬಹುದು, ಅಪ್ಪಬಹುದು, ಸೆಲ್ಫಿ ಸಿಗುತ್ತದೆ ಅಂದರೆ ಅದು ಸರ್ಕಸ್ಸು. ನಿಮ್ಮ ಹುಡುಗ ಏನು ಅಳೆಯುತ್ತಾನೆ, ಏನು ಬರೆಯುತ್ತಾನೆ, ಬರೆದದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಫೋನ್ ಇಡಿ. ನಮ್ಮ ಸರ್ಕಾರವೇ 2013ರ ಮೇ ತಿಂಗಳಲ್ಲಿ ಡಾಲ್ಫಿನ್ ಪ್ರದರ್ಶನದ ಕೊಳಗಳಿಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ತಿಳಿಸಿದೆ.

ನನಗೆ ಬೇಕಾದದ್ದು ಹೇಳುತ್ತೇನೆ, ಜಾಸ್ತಿ ಇಲ್ಲ. ಕಂಪ್ಯೂಟರ್ ಲ್ಯಾಬ್ ಮಧ್ಯಾಹ್ನ ಮೂರರಿಂದ ಐದರ ತನಕ ಖಾಲಿ ಬಿದ್ದಿರುತ್ತದೆ, ಬೀಗ ಹಾಕಿ. ವಾರಕ್ಕೆ ಎರಡು ದಿನ ಆ ಬೀಗ ತೆಗೆಸಿ. ಹತ್ತು ಹೆಡ್‌ಫೋನ್ ಕೊಡಿಸಿ, ಏಳೆಂಟು ನೂರರದ್ದು ಸಾಕು, ಒಂದು ವಾರ್ಷಿಕೋತ್ಸವದ ಹಾರ ಶಾಲಿನ ಖರ್ಚು ಕೂಡ ಆಗುವುದಿಲ್ಲ. ಸದ್ದಿನ ಚಿತ್ರ ನೋಡುವ ಆಡಾಸಿಟಿ, ರೇವನ್ ಲೈಟ್ ತರಹದ ಸಾಫ್ಟ್‌ವೇರ್ ಬಿಟ್ಟಿಯಾಗಿ ಸಿಗುತ್ತವೆ. ಕೊನೆಯದು ಮತ್ತು ಮುಖ್ಯವಾದದ್ದು, ಆ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಅಂತ ಇದೆ. ಅದರಲ್ಲಿ ಎಷ್ಟು ಗಂಟೆ ನಿಜವಾಗಿ ನಡೆಯುತ್ತದೆ, ಎಷ್ಟು ರಿಜಿಸ್ಟರಿನಲ್ಲಿ ನಡೆಯುತ್ತದೆ ಅಂತ ನಾನು ಕೇಳುವುದಿಲ್ಲ. ನೀವೂ ನನ್ನನ್ನು ಸಮುದ್ರ ಎಲ್ಲಿದೆ ಅಂತ ಕೇಳಬೇಡಿ. ಎಲ್ಲ 120ನ್ನೂ ಇದಕ್ಕೇ ಕೊಡಿ ಅನ್ನುತ್ತಿಲ್ಲ, ಗಿಡ ನೆಡುವುದೂ ನಡೆಯಲಿ, ಊರ ಕಸ ತೆಗೆಯುವುದೂ ನಡೆಯಲಿ. ಮೂವತ್ತು ಗಂಟೆ ಕೊಟ್ಟರೂ ಸಾಕು.

ಡಾಲ್ಫಿನ್ ಬೇಡ ಅನ್ನುವವರಿಗೆ ಇದೇ ಹೆಡ್‌ಫೋನು, ಇದೇ ಚಿತ್ರ, ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಹಕ್ಕಿಗಳಿಗೂ ಆಗುತ್ತದೆ. ನಮ್ಮ ಹಳೆಯ ಗುಂಬಜುಗಳ ಬಾವಲಿಗಳಿಗೂ ಆಗುತ್ತದೆ, ಅದಕ್ಕೆ ಮೈಕ್ ಮಾತ್ರ ಸ್ವಲ್ಪ ಒಳ್ಳೆಯದು ಬೇಕು, ನಮ್ಮ ಕಿವಿಗೆ ಕೇಳದಷ್ಟು ಎತ್ತರದ ದನಿ ಅವುಗಳದ್ದು. ಬಾವಲಿಯೂ ಡಾಲ್ಫಿನ್ನೂ ಸದ್ದು ಹೊಡೆದು, ಅದರ ಮಾರ್ದನಿ ಕೇಳಿ ದಾರಿ ಹುಡುಕುವ ಪ್ರಾಣಿಗಳು. ಒಂದು ಆಕಾಶದ್ದು, ಒಂದು ನೀರಿನದ್ದು, ಸಂಬಂಧ ಬಹಳ ದೂರದ್ದು. ಆದರೂ ಕಿವಿಯೊಳಗಿನ ಪ್ರೆಸ್ಟಿನ್ ಅನ್ನುವ ಒಂದು ಪ್ರೋಟೀನು ಎರಡರಲ್ಲೂ ಒಂದೇ ರೀತಿ ಬದಲಾಗಿದೆ ಅಂತ 2010ರಲ್ಲಿ ಗೊತ್ತಾಯಿತು. ಇದನ್ನು ಹೇಳಿದ ದಿನ ನಮ್ಮ ಜಿಪುಣ ಹುಡುಗ, ಹಫ್ತ್ ಗುಂಬಜಿಗೆ ಯಾವಾಗ ಹೋಗೋಣ ಮೇಡಂ ಅಂತ ಹಿಂದೆ ಬಿದ್ದಿದ್ದಾನೆ. ಸಂಜೆ ಹೋಗಬೇಕು, ಅನುಮತಿ ಬೇಕು, ಅದಕ್ಕೆ ಇನ್ನೊಂದು ಅರ್ಜಿ.

ಮೊದಲಿನ ಅರ್ಜಿ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಐದು ಪ್ರಮಾಣಪತ್ರ ಅದಕ್ಕೆ ಪಿನ್ ಮಾಡಿದ್ದೇನೆ, ಎಲ್ಲ ಸೇರಿ 410 ಗಂಟೆ. ಆಳಂದದ ಹುಡುಗಿಗೆ ಇದು ಕೊನೆಯ ಸೆಮಿಸ್ಟರು, ಜೂನ್ ಒಳಗೆ ಸಹಿ ಬಿದ್ದರೆ ಅವಳ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಬಿದ್ದರೆ ಬರುವುದಿಲ್ಲ. ಯಾವ ಕಾಲೇಜಿನವರಾದರೂ ಸರಿ, ಒಪ್ಪುವ ಮೊದಲು ಈ ಕೆಲಸ ಹೇಗಿರುತ್ತದೆ ಅಂತ ನೋಡಬೇಕು ಅನ್ನಿಸಿದರೆ ಬುಧವಾರ ಮತ್ತು ಶನಿವಾರ ಮೂರು ಗಂಟೆಯ ಮೇಲೆ ನಮ್ಮ ಪಡಸಾಲೆಯಲ್ಲಿ ಇರುತ್ತೇವೆ. ಮಜ್ಜಿಗೆ ಇರುತ್ತದೆ. ಕೂಲರ್ ಮಾತ್ರ ಇಪ್ಪತ್ತು ನಿಮಿಷ ಬಂದ್.

ಇಂತಿ,
ಪ್ರಾಣಿಶಾಸ್ತ್ರದ ಒಬ್ಬ ಅತಿಥಿ ಉಪನ್ಯಾಸಕಿ
ಕಲಬುರಗಿ